ವರ್ಷಕ್ಕೊಂದು ಅಧ್ಯಾಯ

ನಮ್ಮ ದೊಡ್ಡಮಾವ ನೇಮಿಚಂದ್ರರಿಗೆ ಕನ್ನಡ ಓದಲು ಬರುವುದಿಲ್ಲ. ಕೇಣಿಚಿರದಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ. ಓದು ಬಾರದಿರುವುದರಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಶಾಲೆ ಮಲಯಾಳಂನದು, ಕಚೇರಿಯೂ ಮಲಯಾಳಂನದು. ಮನೆಯೊಳಗೆ ಕನ್ನಡ ಆಡುವ ನಮ್ಮ ಜೈನ ಮನೆಗಳಲ್ಲಿ ಕನ್ನಡ ಅಕ್ಷರ ಬಲ್ಲವರನ್ನು ಬೆರಳಲ್ಲಿ ಎಣಿಸಬಹುದು. ನನ್ನ ಗಂಡ ಶಾಂತರಾಜುವಿಗೂ ಬರುವುದಿಲ್ಲ, ಅವನು ಅದನ್ನು ಒಪ್ಪಿಕೊಂಡು ಹಾಯಾಗಿದ್ದಾನೆ. ದೊಡ್ಡಮಾವನಿಗೆ ಆ ಹಾಯಿ ಬೇಡ. ಎಪ್ಪತ್ತಾರು ವರ್ಷದ ಈ ಮನುಷ್ಯ ಬುದ್ಧಿ ಬಂದಾಗಿನಿಂದ ಓದುವವನಂತೆ ನಟಿಸಿಕೊಂಡೇ ಬಂದಿದ್ದಾರೆ. ನನಗೆ ಮೈ ಉರಿಯುತ್ತಿದ್ದದ್ದು ಆ ನಟನೆಯಿಂದ.

ದೊಡ್ಡಮಾವ ಎಂದರೆ ನನ್ನ ಮಾವನ ಅಣ್ಣ. ಕಾಫಿ, ಕರಿಮೆಣಸಿನ ತೋಟ, ಮನೆಗೆ ಅಂಟಿಕೊಂಡೇ ಒಂದು ಸಣ್ಣ ಚೈತ್ಯಾಲಯ, ಅದರ ಬೀಗದ ಕೈ ಅವರ ಸೊಂಟದಲ್ಲಿ. ಸುಲ್ತಾನ್ ಬತ್ತೇರಿಗೆ ಹೋದವರ ಕೈಲಿ ಮೈಸೂರು ಬಸ್ಸಿನಲ್ಲಿ ಬರುವ ಕನ್ನಡ ಪೇಪರ್ ತರಿಸುತ್ತಾರೆ. ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ಅಗಲಿಸಿ ಹಿಡಿಯುತ್ತಾರೆ. ನಡುನಡುವೆ ಹೂಂಗುಟ್ಟುತ್ತಾರೆ, ಯಾರನ್ನೋ ಬೈದುಕೊಂಡವರಂತೆ ತಲೆ ಅಲ್ಲಾಡಿಸುತ್ತಾರೆ. ನಾನು ಗುಂಡ್ಲುಪೇಟೆ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಅಪ್ಪ ಸಹಕಾರ ಸಂಘದ ಚುನಾವಣೆ ಗೆದ್ದ ಸುದ್ದಿ ಆ ಪೇಪರಿನಲ್ಲಿ ಬಂದಿತ್ತು. ದೊಡ್ಡಮಾವ ಆ ಪುಟವನ್ನು ಒಂದು ಗಂಟೆ ಹಿಡಿದು ಕೂತಿದ್ದರು. ಸಂಜೆ ನಾನೇ ಹೋಗಿ ಹೇಳಿದಾಗ, ಬೆಳಿಗ್ಗೆಯೇ ನೋಡಿದ್ದೆ, ನಿನಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದೆ ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವತ್ತೇ ನಾನು ಅವರನ್ನು ಮನಸ್ಸಿನಲ್ಲಿ ತೂಗಿ ಕೆಳಗಿಟ್ಟುಬಿಟ್ಟೆ.

ಅವರ ನಟನೆಯ ದೊಡ್ಡ ಹಬ್ಬ ಶ್ರುತಪಂಚಮಿ. ಜ್ಯೇಷ್ಠಮಾಸದಲ್ಲಿ ಬರುವ ಆ ದಿನ ಚೈತ್ಯಾಲಯದ ಶಾಸ್ತ್ರಗ್ರಂಥಗಳನ್ನು ಗಂಟಿನಿಂದ ಬಿಚ್ಚಿ, ಧೂಳು ಒರೆಸಿ, ಒಂದೆರಡು ಗಂಟೆ ಅಂಗಳದ ಬಿಸಿಲಿಗೆ ಇಟ್ಟು, ಪೂಜೆ ಮಾಡಿ, ಹೊಸ ಬಟ್ಟೆಯಲ್ಲಿ ಕಟ್ಟಿ ಒಳಗಿಡುತ್ತೇವೆ. ನಮ್ಮ ಗಂಟಿನಲ್ಲಿ ಇದ್ದದ್ದು ಐದು ಪುಸ್ತಕ. ಐದನೆಯದು ಎಲ್ಲಕ್ಕಿಂತ ದಪ್ಪ, ಆದ್ದರಿಂದ ಅದಕ್ಕೇ ಹೆಚ್ಚು ಮರ್ಯಾದೆ. ಪೂಜೆಯ ಹೊತ್ತಿಗೆ ದೊಡ್ಡಮಾವ ಶಲ್ಯ ಹೊದ್ದು ಮಣೆಯ ಮೇಲೆ ಕೂತು ಆ ದಪ್ಪ ಪುಸ್ತಕವನ್ನು ವ್ಯಾಸಪೀಠದ ಮೇಲೆ ತೆರೆಯುತ್ತಿದ್ದರು. ಅವರ ತಾಯಿ ಬಾಯಿಪಾಠ ಮಾಡಿಸಿದ್ದ ಪಂಚನಮಸ್ಕಾರ, ನಾಲ್ಕಾರು ಸ್ತುತಿ, ಇಷ್ಟನ್ನೇ ರಾಗವಾಗಿ ಹೇಳುತ್ತ ಹೋಗುವುದು. ಎರಡು ಪದ್ಯಕ್ಕೊಂದು ಹಾಳೆ ಮಗುಚುವುದು. ಮನೆಯವರು, ನೆಂಟರು, ಅಕ್ಕಪಕ್ಕದವರು ಕೈಮುಗಿದು ಕೇಳುವುದು.

ಮೊದಲ ವರ್ಷ ನಾನು ಆರತಿತಟ್ಟೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಕಣ್ಣು ಪುಟದ ಮೇಲೆ ಬಿತ್ತು. ಅವರ ಬಾಯಲ್ಲಿ ಜಿನಸ್ತುತಿ. ಪುಟದಲ್ಲಿ ಇದ್ದದ್ದು ಇದು: "ಸೆಟ್ಟರ ಹೆಣವು ಉಗ್ರಾಣದ ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದಿತು. ಬೀಗದ ಕೈಯು ಅವರ ಮುಷ್ಟಿಯಲ್ಲಿಯೇ ಇದ್ದಿತು."

ನಗು ತಡೆಯಲಾರದೆ ನಾನು ತಟ್ಟೆಯ ಕರ್ಪೂರವನ್ನು ಹೆಚ್ಚುಕಡಿಮೆ ಅವರ ಶಲ್ಯದ ಮೇಲೆ ಬೀಳಿಸಿದ್ದೆ. ಈ ಮನೆಯವರು ಮೂರು ತಲೆಮಾರಿನಿಂದ ಅಕ್ಷತೆ ಹಾಕಿ ಪೂಜಿಸುತ್ತ ಬಂದದ್ದು ಒಂದು ಪತ್ತೇದಾರಿ ಕಾದಂಬರಿಯನ್ನು. ದೊಡ್ಡಮಾವನ ಅಜ್ಜ ಮೈಸೂರಿನಿಂದ ಶಾಸ್ತ್ರಗಳ ಜೊತೆಗೆ ಕೊಂಡು ತಂದಿರಬೇಕು. ಅದೇ ಬೈಂಡು, ಅದೇ ಕೆಂಪು ಬಟ್ಟೆ. ಓದಬಲ್ಲವರು ಕಣ್ಮುಚ್ಚಿದ ಮೇಲೆ ಉಳಿದವರಿಗೆ ಎಲ್ಲವೂ ಒಂದೇ. ಹೊಸ ಸೊಸೆ ನಾನು, ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ. ಮುಂದಿನ ಹನ್ನೊಂದು ವರ್ಷ ಪ್ರತಿ ಶ್ರುತಪಂಚಮಿಗೂ ಅವರ ಬೆನ್ನ ಹಿಂದೆ ನಿಂತು ಒಳಗೊಳಗೇ ನಗುತ್ತಿದ್ದೆ. ಅದು ನನ್ನ ಹಬ್ಬವಾಗಿತ್ತು.

ಇನ್ನು ದೊಡ್ಡತ್ತೆ ರತ್ನಮ್ಮ. ಅವರ ಬಗ್ಗೆ ಆಗ ಹೇಳಬೇಕೆನ್ನಿಸುವಂಥದ್ದು ಏನೂ ಇರಲಿಲ್ಲ. ಚಾಮರಾಜನಗರ ಕಡೆಯ ಹೆಣ್ಣು, ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದವರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ನಿಯಮವನ್ನು ಒಂದು ದಿನವೂ ತಪ್ಪಿದವರಲ್ಲ, ಗಂಡನಿಗೂ ತಪ್ಪಲು ಬಿಟ್ಟವರಲ್ಲ. ಮಾತು ಕಮ್ಮಿ. ಶ್ರುತಪಂಚಮಿಯ ಬೆಳಿಗ್ಗೆ ಅಂಗಳದ ಚಾಪೆಯ ಮೇಲೆ ಪುಸ್ತಕಗಳ ಪಕ್ಕ ಕೂತು, ಹಾಳೆಗಳಿಗೆ ಬಿಸಿಲು ತಾಗಲೆಂದು ಒಂದೊಂದಾಗಿ ಮಗುಚುವುದು, ಕೋಳಿ ಬಂದರೆ ಓಡಿಸುವುದು ಅವರ ಕೆಲಸ. ನನ್ನ ಕಣ್ಣು ಪೂರ್ತಿ ದೊಡ್ಡಮಾವನ ಮೇಲೆಯೇ ಇದ್ದದ್ದರಿಂದ ಚಾಪೆಯ ಕಡೆ ನಾನು ನೋಡಿದವಳೇ ಅಲ್ಲ.

ಎರಡು ವರ್ಷದ ಹಿಂದಿನ ಶ್ರುತಪಂಚಮಿಗೆ ನನ್ನ ನಗುವಿಗೆ ಜೊತೆ ಬೇಕೆನ್ನಿಸಿತು. ಪುಸ್ತಕದ ನಾಲ್ಕು ಪುಟಗಳ ಫೋಟೋ ತೆಗೆದು, ನನ್ನ ಜೊತೆ ಕಾಲೇಜಿನಲ್ಲಿ ಓದಿದ್ದ ಪ್ರಸನ್ನನಿಗೆ ಕಳಿಸಿದೆ. ಅವನು ಮೈಸೂರಿನಲ್ಲಿ ಹಳೆಯ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕುವ ಒಂದು ಸಣ್ಣ ಪ್ರಕಾಶನದಲ್ಲಿದ್ದಾನೆ. ಅವನೂ ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ, ಎರಡೇ ವಾರದಲ್ಲಿ ಬಸ್ಸು ಹತ್ತಿ ಬಂದ. ಸಾವಿರದ ಒಂಬೈನೂರ ಹದಿನಾರರ ಸುಮಾರಿಗೆ ಅಚ್ಚಾದ 'ಸೆಟ್ಟರ ಉಗ್ರಾಣ' ಎಂಬ ಆ ಕಾದಂಬರಿಯ ಹೆಸರು ಮಾತ್ರ ಹಳೆಯ ಪಟ್ಟಿಗಳಲ್ಲಿ ಇದೆಯಂತೆ, ಪುಸ್ತಕವನ್ನು ಕಂಡವರೇ ಇಲ್ಲವಂತೆ. ಬರೆದವರು ಯಾರೆಂಬುದು ಇವತ್ತಿಗೂ ಗೊತ್ತಾಗಿಲ್ಲ. ಹೆಸರಿದ್ದ ಮೊದಲ ಹಾಳೆ ನಮ್ಮ ಪ್ರತಿಯಲ್ಲೂ ಇರಲಿಲ್ಲ.

ಪ್ರಸನ್ನ ಜಗಲಿಯಲ್ಲಿ ಕೂತು, ಇದು ಶಾಸ್ತ್ರವಲ್ಲ, ಕೊಲೆಯ ಕಥೆ ಎಂದು ಬಲು ಸಂಕೋಚದಿಂದ ಹೇಳಿದ. ನಾನು ಬಾಗಿಲ ಮರೆಯಲ್ಲಿ ನಿಂತು, ಈ ಮುದುಕನ ಬಣ್ಣ ಈಗ ಕಳಚುತ್ತದೆ ಎಂದು ಕಾದೆ.

"ಅರಿಯಾಂ, ಅರಿಯಾಂ" ಎಂದರು ದೊಡ್ಡಮಾವ, ಎಲ್ಲ ಗೊತ್ತಿದ್ದವರ ಹಾಗೆ. "ನಮ್ಮಜ್ಜ ಬೇಕಂತಲೇ ಶಾಸ್ತ್ರದ ಜೊತೆ ಕಟ್ಟಿಟ್ಟದ್ದು. ಶಾಸ್ತ್ರದ ಗಂಟಿಗೆ ಕಳ್ಳರು ಕೈ ಹಾಕಲ್ವಲ್ಲ. ಕಾಪಾಡೋದು ನನ್ನ ಕೆಲಸ ಆಗಿತ್ತು, ಕಾಪಾಡಿದೆ."

ಪ್ರಸನ್ನ ಕೈಮುಗಿದ, ಮುನ್ನುಡಿಯಲ್ಲಿ ಬರೆಯುತ್ತೇನೆ ಎಂದ. ಪುಸ್ತಕ ಅವನ ಚೀಲ ಸೇರಿತು. ನನ್ನ ಕಲ್ಲು ತಿರುಗಿ ನನಗೇ ಬಡಿದ ಹಾಗಾಯಿತು. ಅವರನ್ನು ಕೆಳಗೆ ಬೀಳಿಸಹೋಗಿ ಗದ್ದುಗೆಯ ಮೇಲೆ ಕೂರಿಸಿದ್ದೆ.

ಅವನು ಹೋದ ಮರುದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ದೊಡ್ಡತ್ತೆ ಬಂದು ಹತ್ತಿರ ನಿಂತರು. ಬುಟ್ಟಿಯಿಂದ ಒಂದು ಬಟ್ಟೆ ಎತ್ತಿಕೊಡುತ್ತ ಕೇಳಿದರು, "ಹೊಸ ಪುಸ್ತಕದಲ್ಲಿ ಕಡೇ ಅಧ್ಯಾಯ ಇರ್ತದಾ ಮಗ?"

ಇರುತ್ತದೆ, ಯಾಕೆ ಎಂದೆ. ಆಗ ಹೇಳಿದರು. ಎಂಟನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು ಅವರು. ಇಲ್ಲಿಗೆ ಬಂದ ಮೇಲೆ ಅವರಿಗೆ ಓದು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮದುವೆಯಾಗಿ ಹತ್ತು ವರ್ಷದ ಮೇಲೆ ಚಾಪೆಯ ಕೆಲಸ ಅವರಿಗೆ ಬಂತು, ಆ ಮೊದಲ ವರ್ಷ ಹಾಳೆ ಮಗುಚುತ್ತ ಮೊದಲ ಅಧ್ಯಾಯ ಓದಿದರಂತೆ. ಓದುತ್ತಿರುವುದು ಯಾರಿಗೂ ತಿಳಿಯಬಾರದೆಂದು ಎಲ್ಲ ಪುಸ್ತಕಗಳನ್ನೂ ಸಮನಾಗಿ ಮಗುಚಬೇಕು, ಕೋಳಿಯ ಕಡೆಯೂ ನೋಡಬೇಕು. ಹಾಗಾಗಿ ಎರಡು ಗಂಟೆಗೆ ಸಿಗುವುದು ಒಂದೇ ಅಧ್ಯಾಯ. ಮಿಕ್ಕ ದಿನಗಳಲ್ಲಿ ಪುಸ್ತಕ ಬೀಗದೊಳಗೆ, ಬೀಗದ ಕೈ ಗಂಡನ ಸೊಂಟದಲ್ಲಿ. ಹಬ್ಬದ ಹೊತ್ತಿಗೇ ಮುಂಗಾರು ಹಿಡಿದ ವರ್ಷ ಗಂಟು ಅಂಗಳಕ್ಕೆ ಬರುತ್ತಿರಲಿಲ್ಲ. ಬಾಣಂತನ, ಸೂತಕ, ಮುಟ್ಟಿನ ದಿನ ಎಂದು ಕೆಲವು ವರ್ಷ ಹೋದವು. ನಲವತ್ತು ವರ್ಷದಲ್ಲಿ ಮೂವತ್ತು ಅಧ್ಯಾಯ ಆಗಿತ್ತು. ಕಾದಂಬರಿಯಲ್ಲಿ ಇದ್ದದ್ದು ಮೂವತ್ತೊಂದು.

ಕೊಲೆಯೊಂದನ್ನು ನಲವತ್ತು ವರ್ಷ ಒಲೆಯ ಮುಂದೆ, ಮೆಣಸು ಬಿಡಿಸುವಾಗ, ಮಗುವಿಗೆ ಹಾಲೂಡಿಸುವಾಗ ತಲೆಯಲ್ಲಿಟ್ಟುಕೊಂಡು ಓಡಾಡಿದ ಹೆಂಗಸು ಇವರು. ಪ್ರಸನ್ನನಿಗೆ ಫೋನ್ ಮಾಡಿ ಕಡೆಯ ಅಧ್ಯಾಯದ ಫೋಟೋ ಈಗಲೇ ತರಿಸುತ್ತೇನೆ ಎಂದೆ. ಬೇಡವೆಂದರು. ಕೊಂದವನು ಯಾರೆಂದು ತಮಗೆ ತಿಳಿದಿದೆ ಎಂದೂ, ಆದರೆ ಪುಸ್ತಕ ಕೈಗೆ ಬರುವವರೆಗೆ ಯಾರಿಗೂ ಹೇಳುವುದಿಲ್ಲ ಎಂದೂ ಅಂದರು. ಅಷ್ಟು ಹೇಳುವಾಗ ಅವರ ಮುಖ ಹುಡುಗಿಯ ಮುಖದ ಹಾಗಿತ್ತು. ನನಗೆ ಅವರ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ದೊಡ್ಡಮಾವನ ಮೇಲಿನ ತಾತ್ಸಾರ ಅಷ್ಟೇ ಏರಿತು.

ಮಾರ್ಗಶಿರದ ಹೊತ್ತಿಗೆ ಪುಸ್ತಕ ಸಿದ್ಧವಾಯಿತು. ಪ್ರಸನ್ನ ಕರಡಚ್ಚನ್ನು ಮೊದಲೇ ನನಗೆ ಕಳಿಸಿದ್ದ. ನಾನು ಒಂದೇ ದಿನ ಕೂತು ಓದಿ ಮುಗಿಸಿದೆ. ಒಬ್ಬ ಜೈನ ಜವಳಿ ಸೆಟ್ಟರು ಒಳಗಿನಿಂದ ಬೀಗ ಹಾಕಿದ ಉಗ್ರಾಣದಲ್ಲಿ ಸತ್ತು ಬಿದ್ದಿರುತ್ತಾರೆ. ಸಂಶಯ ಬರುವುದು ಮೂವರ ಮೇಲೆ. ಲೆಕ್ಕ ಬರೆಯುವ ಗುಮಾಸ್ತ, ಸೆಟ್ಟರ ತಮ್ಮ, ಮನೆಗೆ ಬಂದುಹೋಗುತ್ತಿದ್ದ ವೈದ್ಯ. ಕಡೆಯ ಅಧ್ಯಾಯದವರೆಗೂ ನನಗೆ ಏನೂ ಹೊಳೆಯಲಿಲ್ಲ.

ಬತ್ತೇರಿಯ ಒಂದು ಸಭಾಂಗಣದಲ್ಲಿ ಬಿಡುಗಡೆ ಎಂದಾಯಿತು. ಪುಸ್ತಕ ಕಾಪಾಡಿದವರು ನಾಲ್ಕು ಮಾತಾಡಬೇಕೆಂದು ಪ್ರಸನ್ನ ಬರೆದ. ಹಿಂದಿನ ದಿನ ಮಧ್ಯಾಹ್ನ ದೊಡ್ಡಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಇಷ್ಟು ವರ್ಷದಲ್ಲಿ ಆ ಹೊಸ್ತಿಲಿಗೆ ಅವರು ಬಂದದ್ದು ನನಗೆ ನೆನಪಿಲ್ಲ. ಕೈಲಿ ಆ ಕರಡಚ್ಚು.

"ಮೋಳೆ, ಅಕ್ಷರ ತೀರಾ ಸಣ್ಣದು, ಈ ಕನ್ನಡಕಕ್ಕೆ ಹಿಡಿಯಲ್ಲ. ನಂಗೆ ಎಲ್ಲ ನೆನಪಿದೆ, ಆದರೂ ನಾಳೆ ಮಾತಾಡೋಕೆ ಬೇಕಲ್ಲ. ಒಂದ್ಸಲ ಚುರುಕ್ಕಿ ಹೇಳಿಬಿಡು" ಎಂದರು. ಇಲ್ಲಿಯ ಮಾತಿನಲ್ಲಿ ಮೋಳೆ ಎಂದರೆ ಮಗಳೇ, ಚುರುಕ್ಕಿ ಎಂದರೆ ಚುಟುಕಾಗಿ.

ಆಗಲಾದರೂ ಒಪ್ಪಿಕೊಳ್ಳಬಹುದಿತ್ತು. ನನಗೆ ಓದಲು ಬರುವುದಿಲ್ಲ ಎಂದು ಒಂದು ಮಾತು ಅಂದಿದ್ದರೆ ನಾನು ಕರಗಿಹೋಗುತ್ತಿದ್ದೆ. ಅದನ್ನೂ ಕನ್ನಡಕದ ತಲೆಗೆ ಕಟ್ಟಿದರು. ನನಗೆ ಪಿತ್ತ ನೆತ್ತಿಗೇರಿತು. ಕಥೆಯನ್ನೆಲ್ಲ ಸರಿಯಾಗಿ ಹೇಳಿದೆ, ಹೆಸರು, ಜಾಗ ಒಂದೂ ಬಿಡದೆ. ಕೊಂದವನನ್ನು ಮಾತ್ರ ಬದಲಿಸಿದೆ. ಗುಮಾಸ್ತ ಎಂದೆ. ಮೈಸೂರಿನಿಂದ ಓದಿಕೊಂಡು ಬಂದವರ ಮುಂದೆ ಈ ಮುದುಕ ಎದೆ ಸೆಟೆಸಿ ನಿಂತು ತಾನಾಗಿಯೇ ಹಳ್ಳಕ್ಕೆ ಬೀಳಲಿ ಎಂಬುದು ನನ್ನ ಲೆಕ್ಕ. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ದೊಡ್ಡತ್ತೆ ಸಭೆ ಸಮಾರಂಭಕ್ಕೆ ಬರುವವರಲ್ಲ. ಅವತ್ತು ಬಂದರು. ಮಗಳ ಮದುವೆಗೆ ಉಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ನನ್ನ ಪಕ್ಕ ಕೂತರು. ಅವರನ್ನು ನೋಡಿಯೂ ನನಗೆ ಏನೂ ತಟ್ಟಲಿಲ್ಲ. ಅಷ್ಟು ಕುರುಡಾಗಿದ್ದೆ. ಪ್ರಸನ್ನ ಕೆಳಗಿಳಿದು ಬಂದು ಮೊದಲ ಪ್ರತಿಯನ್ನು ಅವರ ಕೈಗೇ ಕೊಟ್ಟ, ನಾನು ಅವನಿಗೆ ಹೇಳಿಟ್ಟಿದ್ದೆ. ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ತೊಡೆಯ ಮೇಲಿಟ್ಟು, ಹೆಬ್ಬೆರಳಿನಿಂದ ಕಡೆಯ ಕೆಲವು ಹಾಳೆಗಳನ್ನು ಮೆಲ್ಲಗೆ ತಡವಿ ನೋಡಿದರು. ತೆರೆಯಲಿಲ್ಲ. ಮನೆಗೆ ಹೋಗಿ ಓದುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿದರು.

ದೊಡ್ಡಮಾವ ಮೈಕಿನ ಮುಂದೆ ನಿಂತರು. ಅಜ್ಜ, ಗಂಟು, ಕಳ್ಳರು ಎಲ್ಲ ಬಂತು. ಪ್ರತಿ ವರ್ಷ ತಪ್ಪದೆ ಓದುತ್ತಿದ್ದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದರೆ ಅವರಿಗೆ ಕಾಲು ನೆಲದಲ್ಲಿ ನಿಲ್ಲುವುದಿಲ್ಲ.

"ಕೊಂದದ್ದು ಗುಮಾಸ್ತ" ಎಂದರು. "ನೀವೆಲ್ಲ ಕಡೇ ಪುಟದ ತನಕ ಹುಡುಕಬೇಕು. ನಾನು ಮೊದಲ ಸಲ ಓದುವಾಗಲೇ ಹಿಡಿದುಬಿಟ್ಟಿದ್ದೆ."

ಮೈಸೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಪ್ರಸನ್ನ ತಲೆ ತಗ್ಗಿಸಿದ. ಆಮೇಲೆ ವಂದನಾರ್ಪಣೆಯಲ್ಲಿ, ಕಥೆಯ ಕೊನೆಯನ್ನು ಓದುಗರೇ ಓದಿಕೊಂಡರೆ ಚೆನ್ನ ಎಂದಷ್ಟೇ ಹೇಳಿ ಮುಗಿಸಿದ. ಉಳಿದ ಜನ ಇನ್ನೂ ಪುಸ್ತಕ ತೆರೆದವರಲ್ಲ, ಅವರಿಗೆ ಏನೂ ತಿಳಿಯಲಿಲ್ಲ. ದೊಡ್ಡಮಾವನಿಗಂತೂ ಇವತ್ತಿಗೂ ತಿಳಿದಿಲ್ಲ. ನಾನು ಇಷ್ಟು ಮುತುವರ್ಜಿಯಿಂದ ತೋಡಿದ ಹಳ್ಳವನ್ನು ಅವರು ದಾಟಿಕೊಂಡು ಹೋಗಿ ಹಾರ ಹಾಕಿಸಿಕೊಂಡು ಕೂತರು.

ನಾನು ಪಕ್ಕಕ್ಕೆ ತಿರುಗಿದೆ. ದೊಡ್ಡತ್ತೆಯ ಹೆಬ್ಬೆರಳು ಹಾಳೆಗಳ ಮೇಲಿಂದ ಸರಿದಿತ್ತು. ಪುಸ್ತಕದ ಮೇಲೆ ಸೆರಗು ಮುಚ್ಚಿ ಎದುರಿನ ಗೋಡೆ ನೋಡುತ್ತಿದ್ದರು.

ದೊಡ್ಡತ್ತೆ ಮನೆಗೆ ಬಂದವರೇ ಪುಸ್ತಕವನ್ನು ಬಟ್ಟೆಗಳ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟರು. ಒಂದು ದಿನ ಆಯಿತು, ಎರಡು ದಿನ ಆಯಿತು, ಅದು ಅಲ್ಲಿಂದ ಹೊರಗೆ ಬರಲಿಲ್ಲ. ದೊಡ್ಡಮಾವ ಜಗಲಿಯಲ್ಲಿ ಪೇಪರ್ ಹಿಡಿದು, ಸಭೆಯ ಸುದ್ದಿ ಬಂದಿದೆಯೆಂದು ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸುತ್ತಿದ್ದರು. ಅವರು ಬೆರಳಿಟ್ಟು ತೋರಿಸುತ್ತಿದ್ದದ್ದು ಗೊಬ್ಬರದ ಜಾಹೀರಾತನ್ನು. ನನಗೆ ನಗು ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕಳೆದ ಮೇಲೆ ದೊಡ್ಡತ್ತೆಯ ಕೋಣೆಗೆ ಹೋದೆ. ಕಿಟಕಿಯ ಹತ್ತಿರ ಕೂತು ಹೂಬತ್ತಿ ಮಾಡುತ್ತಿದ್ದರು. ಓದಲಿಲ್ಲವೇ ದೊಡ್ಡತ್ತೆ ಎಂದೆ.

"ಗೊತ್ತಾಯ್ತಲ್ಲ ಮಗ, ಇನ್ನೇನು ಓದೋದು" ಎಂದರು. ಹತ್ತಿಯ ಎಳೆ ಹೊಸೆಯುತ್ತಲೇ ಇದ್ದರು. "ನಾನು ವೈದ್ಯ ಅಂದ್ಕಂಡಿದ್ದೆ. ಐದನೇ ಅಧ್ಯಾಯದಲ್ಲಿ ಅವ್ನು ಏನಂತಾನೆ? ದೀಪ ಹಚ್ಚಿದ ಮೇಲೆ ಸೆಟ್ಟರ ಪಂಕ್ತೀಲೇ ಕೂತು ಉಂಡು ಬಂದೆ, ಆಗ ಅವರು ಚೆನ್ನಾಗೇ ಇದ್ದರು ಅಂತಾನೆ. ಶ್ರಾವಕರ ಮನೇಲಿ ದೀಪ ಹಚ್ಚಿದ ಮೇಲೆ ಯಾರು ಉಣ್ತಾರೆ? ಸುಳ್ಳು ಹೇಳ್ತಾವ್ನೆ ಅಂತ ಅವತ್ತೇ ಹಿಡಿದೆ. ಆಮೇಲೆ ಬಂದ ಇಪ್ಪತ್ತೈದು ಅಧ್ಯಾಯಾನೂ ಅದಕ್ಕೇ ಜೋಡಿಸ್ಕಂಡು ಬಂದೆ. ನನ್ನ ದಡ್ಡತನ. ಸುಮ್ಮನೆ ಒಬ್ಬನ ಮೇಲೆ ಅಷ್ಟು ವರ್ಷ ತಪ್ಪು ಹೊರಿಸಿದೆ."

ಐದನೆಯ ಅಧ್ಯಾಯದ ಆ ಮಾತನ್ನು ನಾನೂ ಓದಿದ್ದೆ. ನಾನೂ ಜೈನರ ಮನೆಯಲ್ಲೇ ಹುಟ್ಟಿದವಳು. ರಾತ್ರಿ ಒಂಬತ್ತಕ್ಕೆ ಉಣ್ಣುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ದೊಡ್ಡಮಾವ ಹೇಳಿದ್ದನ್ನ ಯಾಕೆ ನಂಬಿದಿರಿ?" ಎಂದೆ.

ದೊಡ್ಡತ್ತೆ ಬತ್ತಿ ಕೆಳಗಿಟ್ಟು ನನ್ನನ್ನು ನೋಡಿದರು. "ಅವರಿಗೆ ಓದೋಕೆ ಬರಲ್ಲ ಅಂತ ಮದುವೆ ಆದ ವರ್ಷವೇ ನಂಗೆ ಗೊತ್ತು. ಅವರ ಮಾತೇ ಆಗಿದ್ರೆ ನಾನ್ಯಾಕೆ ನಂಬ್ತಿದ್ದೆ? ಹಿಂದಿನ ದಿನ ಅಡುಗೆಮನೆ ಬಾಗಿಲಲ್ಲಿ ನೀನೇ ಕೂರಿಸ್ಕಂಡು ಹೇಳ್ತಿದ್ದುದನ್ನ ನೋಡಿದ್ದೆ. ಕೇಳಬಾರದು ಅಂತ ತೋಟದ ಕಡೆ ಹೋದೆ. ನೀನು ಹೇಳಿದ್ದು ಅಂತ ನಂಬಿದೆ."

ಹನ್ನೆರಡು ವರ್ಷ ನಾನು ಗೇಲಿ ಮಾಡಿದ್ದ ಗುಟ್ಟನ್ನು ಈ ಹೆಂಗಸು ಐವತ್ತು ವರ್ಷ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ನನಗೆ ನಾಚಿಕೆಯಾಯಿತು. ದೊಡ್ಡಮಾವನ ಮೇಲೆ ಇಷ್ಟು ಕಾಲ ಸುರಿದ ತಾತ್ಸಾರದಲ್ಲಿ ಅರ್ಧವನ್ನಾದರೂ ನನಗೆಂದು ಎತ್ತಿಡಬೇಕಿತ್ತು. ಹೇಳಿಬಿಟ್ಟೆ. ಗುಮಾಸ್ತ ಎಂದದ್ದು ಸುಳ್ಳು, ನಾನೇ ಬೇಕೆಂದು ಹೇಳಿದ ಸುಳ್ಳು, ದೊಡ್ಡಮಾವನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಲು ಹೇಳಿದ್ದು, ನಿಮ್ಮ ನೆನಪೇ ನನಗೆ ಬರಲಿಲ್ಲ ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರಿಗೆ ಓದೋಕೆ ಬರಲ್ಲ, ಹಂಗಾಗಿ ಸುಳ್ಳು ಹೇಳ್ತಾರೆ" ಎಂದರು. "ನಿಂಗೆ ಬರ್ತದೆ. ನಿಂಗೇನಾಗಿತ್ತು?"

ದೊಡ್ಡತ್ತೆ ಎದ್ದು ಕಪಾಟು ತೆರೆದು ಸೀರೆಗಳ ಕೆಳಗಿನಿಂದ ಪುಸ್ತಕ ತೆಗೆದರು. ಕಿಟಕಿಯ ಬೆಳಕಿಗೆ ಕೂತು ಕಡೆಯ ಅಧ್ಯಾಯಕ್ಕೆ ಹಾಳೆ ತಿರುಗಿಸಿದವರು ಅಲ್ಲೇ ತಡೆದು ತಲೆಯೆತ್ತಿದರು. ಅವರ ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಆ ಕಡೆ ತಿರುಗಿ ನಿಂತ್ಕೋ" ಎಂದರು. "ನಿನ್ನ ಮುಖದಲ್ಲಿ ಓದೋದು ಬೇಡ ನಂಗೆ."

ನಾನು ಗೋಡೆಯ ಕಡೆ ತಿರುಗಿ ನಿಂತೆ. ಮೂವತ್ತೆಂಟು ವರ್ಷದವಳು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯ ಹಾಗೆ. ಹಿಂದೆ ಹಾಳೆ ಮಗುಚುವ ಸದ್ದು ಬಹಳ ಹೊತ್ತಿಗೊಂದರಂತೆ ಕೇಳುತ್ತಿತ್ತು. ಎರಡು ಗಂಟೆ ಹಿಡಿಯಿತು, ಅಂಗಳದ ಚಾಪೆಯ ಮೇಲೆ ಹಿಡಿಯುತ್ತಿದ್ದಷ್ಟೇ. ಕಾಲು ಸೋತರೂ ನಾನು ಕೂರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿದ ಸದ್ದಾಯಿತು. ಅವರು ಏನು ಹೇಳುತ್ತಾರೋ ಎಂದು ಕಾದೆ. ತಿರುಗು ಎನ್ನಲಿಲ್ಲ, ಕೊಂದವನು ವೈದ್ಯನೇ ಆಗಿದ್ದರೂ ವೈದ್ಯ ಎನ್ನಲಿಲ್ಲ. ನನ್ನ ಪಕ್ಕದಿಂದ ದಾಟಿ ಬಾಗಿಲ ಹತ್ತಿರ ಹೋಗಿ ನಿಂತರು.

"ಹೊತ್ತು ಮುಳುಗ್ತಾ ಬಂತು" ಎಂದರು. "ನಿಮ್ಮ ದೊಡ್ಡಮಾವನಿಗೆ ತಟ್ಟೆ ಹಾಕು ಹೋಗು. ದೀಪ ಹಚ್ಚೋಕೆ ಮುಂಚೆ ಉಣ್ಣಲಿ."